ನಾಟಕದ ಟಿಕೆಟ್ ತಾಣಕ್ಕೆ ಹೊಸ ಸೆಷನ್ ಮಿಡಲ್‌ವೇರ್: ಬಿಚ್ಚಿ ಜೋಡಿಸಿದ ದಾಖಲೆ

ನೋಡ್ ಪ್ಯಾಕೇಜುಗಳ ದೋಷ ಹುಡುಕುವ ಎನ್‌ಪಿಎಂ ಆಡಿಟ್ ಓಡಿಸಿದಾಗ, ಬೇರೆ ತಾಣದಿಂದ ಬರುವ ನಕಲಿ ಫಾರ್ಮ್‌ಗಳನ್ನು (ಸಿಎಸ್‌ಆರ್‌ಎಫ್ ದಾಳಿ) ತಡೆಯುವ ಸಿಸರ್ಫ್ ಎಂಬ ಪ್ಯಾಕೇಜಿನ ಮೇಲೆ ದೂರು ಬಂತು. ಅದು ತನ್ನೊಳಗೆ ಬಳಸುವ ‘ಕುಕಿ’ ಎಂಬ ಪುಟ್ಟ ಪ್ಯಾಕೇಜಿನಲ್ಲಿ 0.7.0ಕ್ಕಿಂತ ಹಳೆಯ ಆವೃತ್ತಿಗಳಿಗೆಲ್ಲ ದೋಷವಿದೆ ಎಂಬುದು ದೂರಿನ ಸಾರಾಂಶ. ಪರಿಹಾರವೇನು ಎಂದು ನೋಡಿದರೆ, 1.11.0ರಲ್ಲಿರುವ ಸಿಸರ್ಫ್ ಅನ್ನು 1.2.2ಕ್ಕೆ ಇಳಿಸುತ್ತೇನೆ ಎನ್ನುತ್ತದೆ ಆಡಿಟ್. ಮುಂದಕ್ಕೆ ದಾರಿಯಿಲ್ಲದ್ದರಿಂದ ಹಿಂದಕ್ಕೆ ಕರೆಯುತ್ತಿದೆ. ನೋಡ್‌ನ ವೆಬ್ ಚೌಕಟ್ಟಾದ ಎಕ್ಸ್‌ಪ್ರೆಸ್‌ನ ತಂಡ ಸಿಸರ್ಫ್ ಅನ್ನು 2022ರ ಸೆಪ್ಟೆಂಬರ್‌ನಲ್ಲಿಯೇ ಕೈಬಿಟ್ಟಿದೆ. ಅಂದರೆ ಅದನ್ನು ಕಿತ್ತು ಹಾಕಬೇಕು. ಅದಕ್ಕೆ ಕೈ ಹಾಕಿದರೆ ಸೆಷನ್‌ಗೂ (ಬಂದವರು ಯಾರೆಂದು ಪುಟದಿಂದ ಪುಟಕ್ಕೆ ನೆನಪಿಡುವ ವ್ಯವಸ್ಥೆಗೂ) ಕೈ ಹಾಕಬೇಕು, ಸೆಷನ್ ಮುಟ್ಟಿದರೆ ಲಾಗಿನ್ ಮುಟ್ಟಬೇಕು. ಆದ್ದರಿಂದ ಎಲ್ಲವನ್ನೂ ಒಮ್ಮೆಲೇ ಬಿಚ್ಚಿದೆ.

ತಾಣ ಯಾವುದೆಂದರೆ, ಮೈಸೂರಿನ ಒಂದು ಹವ್ಯಾಸಿ ನಾಟಕ ತಂಡದ ಟಿಕೆಟ್ ಕಾಯ್ದಿರಿಸುವ ವ್ಯವಸ್ಥೆ. ಪ್ರೇಕ್ಷಕರು ಆಸನ ಆರಿಸಿ ಯುಪಿಐ ಮೂಲಕ ಹಣ ಕಟ್ಟುತ್ತಾರೆ. ಕೌಂಟರಿನಲ್ಲಿ ಕೂರುವ ಸ್ವಯಂಸೇವಕರಿಗೆ ಮಾತ್ರ ಕಡ್ಡಾಯವಾಗಿ ಲಾಗಿನ್ ಇದೆ; ಪ್ರೇಕ್ಷಕರು ಬೇಕಿದ್ದರೆ ಖಾತೆ ತೆರೆಯಬಹುದು. ತಿಂಗಳಿಗೆ 600 ರೂಪಾಯಿ ಬಾಡಿಗೆಯ, 1 ಜಿಬಿ ಮೆಮೊರಿಯ ಯಂತ್ರ. ಅದರಲ್ಲಿಯೇ ನೋಡ್, ಎಕ್ಸ್‌ಪ್ರೆಸ್, ಪೋಸ್ಟ್‌ಗ್ರೆಸ್ ಡೇಟಾಬೇಸ್, ಮುಂದೆ ವಿನಂತಿಗಳನ್ನು ಮೊದಲು ಪಡೆದು ಒಳಗೆ ದಾಟಿಸುವ ಪ್ರಾಕ್ಸಿಯಾಗಿ ಎಂಜಿನ್‌ಎಕ್ಸ್. ಹಳೆಯ ಜೋಡಣೆಯಲ್ಲಿ ಕುಕಿ-ಸೆಷನ್, ಸಿಸರ್ಫ್ ಮತ್ತು ಲಾಗಿನ್ ನೋಡಿಕೊಳ್ಳುವ ಪಾಸ್‌ಪೋರ್ಟ್‌ನ ಹಳೆಯ ಆವೃತ್ತಿ ಇದ್ದವು. ಭದ್ರತೆಯ ಹೆಡರ್‌ಗಳನ್ನು (ಪುಟದ ಜೊತೆ ಹೋಗುವ ಸೂಚನೆಗಳನ್ನು) ಸೇರಿಸುವ ಹೆಲ್ಮೆಟ್ ಇರಲಿಲ್ಲ.

ಮಿಡಲ್‌ವೇರ್‌ಗಳನ್ನು, ಅಂದರೆ ಪ್ರತಿ ವಿನಂತಿಯೂ ಒಂದೊಂದಾಗಿ ಹಾದುಹೋಗುವ ಕೋಡ್‌ನ ಮೆಟ್ಟಿಲುಗಳನ್ನು, ಹೋಲಿಸುವ ಕೋಷ್ಟಕ ಮಾಡಲಿಲ್ಲ. ಕೋಷ್ಟಕದಲ್ಲಿ ಎಲ್ಲವೂ ಚೆನ್ನಾಗಿಯೇ ಕಾಣುತ್ತವೆ. ಬದಲಿಗೆ ನಾಲ್ಕು ಪರೀಕ್ಷೆ ಇಟ್ಟುಕೊಂಡೆ: ಲಾಗೌಟ್ ಆದ ಮೇಲೆ ಹಳೆಯ ಕುಕಿ ನಿಜವಾಗಿ ಸಾಯುತ್ತದೆಯೇ, ಸರ್ವರ್ ಮತ್ತೆ ಚಾಲೂ ಮಾಡಿದರೆ ಲಾಗಿನ್ ಉಳಿಯುತ್ತದೆಯೇ, ಬೇರೆ ತಾಣದಿಂದ ಬಂದ ಫಾರ್ಮ್ ತಿರಸ್ಕೃತವಾಗುತ್ತದೆಯೇ, ಹಣ ಕಟ್ಟಿ ಮರಳಿದವನಿಗೆ ಅವನ ಆಸನ ಸಿಗುತ್ತದೆಯೇ. ಕೊನೆಯದೇ ಎಲ್ಲಕ್ಕಿಂತ ಹೆಚ್ಚು ಕಾಡಿತು.

ಹಂತ 1: ಕುಕಿ-ಸೆಷನ್‌ನ ಹೊಟ್ಟೆಯಲ್ಲಿ ಏನಿದೆ

ಕುಕಿ-ಸೆಷನ್ ಎಲ್ಲ ಮಾಹಿತಿಯನ್ನೂ ಬ್ರೌಸರ್‌ನಲ್ಲಿಯೇ ಇಡುತ್ತದೆ. ಸರ್ವರ್‌ನಲ್ಲಿ ಏನೂ ಇರುವುದಿಲ್ಲ. ಕುಕಿಗೆ ಸಹಿ ಇರುತ್ತದೆ, ಗುಪ್ತಲಿಪಿ ಇರುವುದಿಲ್ಲ. ಬೇಸ್64 ಎಂಬ ಅಕ್ಷರರೂಪ ಬಿಚ್ಚಿದರೆ ಮಾಹಿತಿಯ ಜೇಸನ್ ಪಠ್ಯ ಕಣ್ಣೆದುರು ನಿಲ್ಲುತ್ತದೆ. ನಮ್ಮ ಕುಕಿಯಲ್ಲಿ ಪ್ರೇಕ್ಷಕರ ಮೊಬೈಲ್ ಸಂಖ್ಯೆ ಕೂಡ ಇತ್ತು.

ಮೊದಲ ಪರೀಕ್ಷೆ ಹೀಗೆ. ಕೌಂಟರಿನ ಖಾತೆಯಿಂದ ಲಾಗಿನ್ ಆದೆ. ಬ್ರೌಸರ್‌ನ ಡೆವಲಪರ್ ಟೂಲ್ಸ್ ತೆರೆದು ‘ಸೆಷನ್’ ಮತ್ತು ‘ಸೆಷನ್.ಸಿಗ್’ ಎಂಬ ಎರಡು ಕುಕಿಗಳನ್ನು ನಕಲು ಮಾಡಿಕೊಂಡೆ. ಲಾಗೌಟ್ ಒತ್ತಿದೆ, ಪುಟ ಲಾಗಿನ್‌ಗೆ ಮರಳಿತು. ಈಗ ನಕಲು ಮಾಡಿದ ಎರಡನ್ನೂ, ಬ್ರೌಸರ್ ಇಲ್ಲದೆ ಪುಟ ತರಿಸುವ ಕರ್ಲ್‌ಗೆ ಕೊಟ್ಟು ದಿನದ ವಸೂಲಿಯ ಪುಟ ಕೇಳಿದೆ. 200 (‘ಸರಿ’ ಎಂಬ ಉತ್ತರ) ಬಂತು, ಹಿಂದೆಯೇ ವಸೂಲಿಯ ಪಟ್ಟಿಯೂ ಬಂತು. ಲಾಗೌಟ್ ಎಂದರೆ ಬ್ರೌಸರ್‌ಗೆ ‘ಕುಕಿಯನ್ನು ಎಸೆದುಬಿಡು’ ಎಂದು ಹೇಳುವುದಷ್ಟೇ. ಎಸೆಯದೆ ಇಟ್ಟುಕೊಂಡವನಿಗೆ ಬಾಗಿಲು ತೆರೆದೇ ಇರುತ್ತದೆ. ಕೌಂಟರಿನ ಲ್ಯಾಪ್‌ಟಾಪ್ ಹತ್ತು ಕೈ ಬದಲಾಯಿಸುವ ನಮ್ಮಂಥ ತಂಡದಲ್ಲಿ ಇದು ನಡೆಯದ ಮಾತು.

ಇನ್ನೊಂದು ತೊಡಕು ಗಾತ್ರದ್ದು. ಬ್ರೌಸರ್‌ಗಳು ಒಂದು ಕುಕಿಗೆ ಸುಮಾರು 4096 ಬೈಟ್‌ಗಳ ಮಿತಿ ಹಾಕುತ್ತವೆ. ನಮ್ಮ ಒಂದು ಆಸನದ ವಿವರ ಸುಮಾರು 55 ಬೈಟ್. ಶಾಲೆಯೊಂದು 60 ಆಸನ ಒಟ್ಟಿಗೆ ಆರಿಸಿತು ಎಂದುಕೊಳ್ಳಿ: 3300 ಬೈಟ್. ಬೇಸ್64ಕ್ಕೆ ತಿರುಗಿಸಿದಾಗ ಮೂರರಲ್ಲಿ ಒಂದು ಪಾಲು ಹೆಚ್ಚಿ 4400. ಬ್ರೌಸರ್ ಆ ಕುಕಿಯನ್ನು ಸದ್ದಿಲ್ಲದೆ ಬಿಟ್ಟುಬಿಡುತ್ತದೆ. ಸರ್ವರ್‌ನ ಲಾಗ್‌ನಲ್ಲಿ ಒಂದು ಸಾಲೂ ಇರುವುದಿಲ್ಲ, ಬುಟ್ಟಿ ಮಾತ್ರ ಖಾಲಿ.

ಬದಲಿಗೆ ಐರನ್-ಸೆಷನ್ ಹಾಕಿ ನೋಡಿದೆ. ಇದು ಗುಪ್ತಲಿಪಿ ಮಾಡುತ್ತದೆ. ಕನಿಷ್ಠ 32 ಅಕ್ಷರಗಳ ಗುಪ್ತಪದ ಕೊಡದಿದ್ದರೆ ಓಡುವುದೇ ಇಲ್ಲ. ಆ ಶಿಸ್ತು ಮೆಚ್ಚುವಂಥದ್ದು. ಆದರೆ ಲಾಗೌಟ್ ಪರೀಕ್ಷೆಯಲ್ಲಿ ಇದೂ ಅದೇ ಜಾಗದಲ್ಲಿ ಬಿತ್ತು. ಒಳಗಿರುವುದನ್ನು ಓದಲಾಗದಿದ್ದರೂ ಹಳೆಯ ಕುಕಿ ಕೆಲಸ ಮಾಡುತ್ತಲೇ ಇತ್ತು. ಮಾಹಿತಿ ಬ್ರೌಸರ್‌ನಲ್ಲಿ ಇರುವವರೆಗೆ ಈ ರೋಗಕ್ಕೆ ಮದ್ದಿಲ್ಲ. ರದ್ದಾದ ಕುಕಿಗಳ ಪಟ್ಟಿಯನ್ನು ಸರ್ವರ್‌ನಲ್ಲಿ ಇಡಬಹುದು ನಿಜ. ಆದರೆ ಆ ಪಟ್ಟಿ ಇಡುವ ಜಾಗದಲ್ಲಿ ಸೆಷನ್ ಅನ್ನೇ ಇಡಬಹುದಲ್ಲ.

ಪಾಸ್‌ಪೋರ್ಟ್ ಈ ತೀರ್ಮಾನಕ್ಕೆ ಮುದ್ರೆ ಒತ್ತಿತು. 2022ರಲ್ಲಿ ಬಂದ 0.6.0ರಿಂದ ಅದು ಲಾಗಿನ್ ಆಗುವಾಗ ಸೆಷನ್‌ನ ಗುರುತನ್ನು ಬದಲಾಯಿಸಲು ‘ರೀಜನರೇಟ್’ ಎಂಬ ಕ್ರಿಯೆಯನ್ನು ಕರೆಯುತ್ತದೆ. ಕುಕಿ-ಸೆಷನ್‌ನಲ್ಲಿ ಆ ಕ್ರಿಯೆಯೇ ಇಲ್ಲ. ಆವೃತ್ತಿ ಏರಿಸಿದ ತಕ್ಷಣ ‘ರೀಜನರೇಟ್ ಒಂದು ಫಂಕ್ಷನ್ ಅಲ್ಲ’ ಎಂದು ಕುಸಿಯುತ್ತದೆ. ಏನೂ ಮಾಡದ ಒಂದು ನಕಲಿ ಫಂಕ್ಷನ್ ಸೇರಿಸಿ ಬಾಯಿ ಮುಚ್ಚಿಸುವ ತೇಪೆ ಬಹಳ ಜನರ ಕೋಡ್‌ನಲ್ಲಿದೆ. ಅದು ಮಾಡುವುದಿಷ್ಟೇ: ಹೊಗೆ ಬಂದಾಗ ಕೂಗುವ ಗಂಟೆಗೆ ಬಟ್ಟೆ ತುರುಕುವುದು. ಹಾಕಲಿಲ್ಲ.

ಹಂತ 2: ಎಕ್ಸ್‌ಪ್ರೆಸ್-ಸೆಷನ್, ಪೋಸ್ಟ್‌ಗ್ರೆಸ್‌ನಲ್ಲಿ

ಇಲ್ಲಿ ಬ್ರೌಸರ್‌ಗೆ ಹೋಗುವುದು 32 ಅಕ್ಷರಗಳ ಗುರುತು ಮತ್ತು 43 ಅಕ್ಷರಗಳ ಸಹಿ ಮಾತ್ರ. ಉಳಿದದ್ದೆಲ್ಲ ಸರ್ವರ್‌ನಲ್ಲಿ. ಆದರೆ ಎಲ್ಲಿ ಇಡಬೇಕೆಂದು ಹೇಳದಿದ್ದರೆ ಅದು ಪ್ರಕ್ರಿಯೆಯ ಮೆಮೊರಿಯಲ್ಲಿ ಇಡುತ್ತದೆ. ಹಾಗೆ ಇಟ್ಟರೆ ಮೆಮೊರಿ ಸೋರುತ್ತದೆ, ನಿಜವಾದ ಬಳಕೆಗೆ ಇದಲ್ಲ ಎಂದು ಅದೇ ಎಚ್ಚರಿಸುತ್ತದೆ. ಎರಡನೆಯ ಪರೀಕ್ಷೆಯಲ್ಲೂ ಅದು ಬೀಳುತ್ತದೆ, ಏಕೆಂದರೆ ಸರ್ವರ್ ಮತ್ತೆ ಚಾಲೂ ಮಾಡಿದರೆ ಎಲ್ಲರೂ ಹೊರಗೆ.

ಮೆಮೊರಿಯಲ್ಲೇ ಮಾಹಿತಿ ಇಡುವ ರೆಡಿಸ್ ಎಂಬ ಸೇವೆ ಹಾಕಬಹುದಿತ್ತು. ವೇಗದ ದೃಷ್ಟಿಯಿಂದ ಅದೇ ಮೇಲು. ಆದರೆ 1 ಜಿಬಿ ಯಂತ್ರದಲ್ಲಿ ಇನ್ನೊಂದು ಸೇವೆ ಸಾಕುವುದು, ಅದರ ಬ್ಯಾಕಪ್ ನೋಡಿಕೊಳ್ಳುವುದು ಬೇಡವೆನಿಸಿತು. ಪೋಸ್ಟ್‌ಗ್ರೆಸ್ ಹೇಗೂ ಇದೆ. ಸೆಷನ್‌ಗಳನ್ನು ಅದರಲ್ಲಿ ಇಡುವ ಕನೆಕ್ಟ್-ಪಿಜಿ-ಸಿಂಪಲ್ ಆರಿಸಿದೆ. ಒಂದೇ ಕೋಷ್ಟಕ, ಮೂರು ಕಾಲಂ: ಗುರುತು, ಮಾಹಿತಿ, ಅವಧಿ ಮುಗಿಯುವ ಸಮಯ. ಪ್ರತಿ 15 ನಿಮಿಷಕ್ಕೊಮ್ಮೆ ಸತ್ತ ಸಾಲುಗಳನ್ನು ತಾನೇ ಗುಡಿಸುತ್ತದೆ.

ಮೊದಲ ಓಟದಲ್ಲಿಯೇ ಸಿಕ್ಕಿಬಿದ್ದದ್ದು ಲಾಗಿನ್‌ನಲ್ಲಿ. ಹೆಸರು, ಗುಪ್ತಪದ ಸರಿಯಾಗಿ ಕೊಟ್ಟರೂ ಮತ್ತೆ ಲಾಗಿನ್ ಪುಟಕ್ಕೇ ಬಂದು ನಿಲ್ಲುತ್ತದೆ. ದೋಷದ ಸಂದೇಶವಿಲ್ಲ. ಡೇಟಾಬೇಸ್‌ನಲ್ಲಿ ನೋಡಿದರೆ ಸೆಷನ್‌ನ ಸಾಲು ಇದೆ, ಅದರೊಳಗೆ ಬಳಕೆದಾರನ ಗುರುತೂ ಇದೆ. ಬ್ರೌಸರ್‌ನಲ್ಲಿ ನೋಡಿದರೆ ಕುಕಿಯೇ ಇಲ್ಲ. ಡೀಬಗ್ ಎಂಬ ಪರಿಸರ ಚರಾಂಶಕ್ಕೆ ‘ಎಕ್ಸ್‌ಪ್ರೆಸ್-ಸೆಷನ್’ ಎಂದು ಕೊಟ್ಟು ಓಡಿಸಿದಾಗ ಒಂದು ಚಿಕ್ಕ ಸಾಲು ಕಂಡಿತು: ‘ನಾಟ್ ಸೆಕ್ಯೂರ್ಡ್’. ಕುಕಿಗೆ ‘ಸೆಕ್ಯೂರ್’ ಎಂದು ಗುರುತು ಹಾಕಿದ್ದೆ. ಎಚ್‌ಟಿಟಿಪಿಎಸ್ ಎಂಜಿನ್‌ಎಕ್ಸ್‌ನಲ್ಲಿ ಮುಗಿದು, ಅಲ್ಲಿಂದ ನೋಡ್‌ಗೆ ಬರುವುದು ಸಾದಾ ಎಚ್‌ಟಿಟಿಪಿ. ಸಂಪರ್ಕ ಭದ್ರವಲ್ಲ ಎಂದು ತಿಳಿದ ಎಕ್ಸ್‌ಪ್ರೆಸ್-ಸೆಷನ್ ಕುಕಿಯನ್ನು ಕಳಿಸದೆ ಸುಮ್ಮನಾಗುತ್ತದೆ. ಎರಡು ಕಡೆ ತಿದ್ದುವುದು: ಮೂಲ ಸಂಪರ್ಕ ಎಚ್‌ಟಿಟಿಪಿಎಸ್ ಎಂದು ತಿಳಿಸುವ ‘ಎಕ್ಸ್-ಫಾರ್ವರ್ಡೆಡ್-ಪ್ರೋಟೊ’ ಹೆಡರ್ ಅನ್ನು ಎಂಜಿನ್‌ಎಕ್ಸ್ ಕಳಿಸಬೇಕು, ಎಕ್ಸ್‌ಪ್ರೆಸ್‌ನಲ್ಲಿ ‘ಟ್ರಸ್ಟ್ ಪ್ರಾಕ್ಸಿ’ಗೆ 1 ಎಂದು ಕೊಡಬೇಕು. ‘ಟ್ರೂ’ ಎಂದು ಕೊಟ್ಟರೂ ಓಡುತ್ತದೆ, ಆದರೆ ಆಗ ಯಾರು ಬೇಕಾದರೂ ತಮ್ಮ ಐಪಿ ವಿಳಾಸವನ್ನು ಹೆಡರ್‌ನಲ್ಲಿ ಸುಳ್ಳು ಬರೆದು ಕಳಿಸಬಹುದು. ನಮ್ಮ ಮುಂದಿರುವುದು ಒಂದೇ ಪ್ರಾಕ್ಸಿ, ಆದ್ದರಿಂದ 1.

ಆಮೇಲೆ ಕೋಷ್ಟಕ ಊದಿಕೊಳ್ಳತೊಡಗಿತು. ‘ಸೇವ್‌ಅನ್‌ಇನಿಶಿಯಲೈಸ್ಡ್’ ಎಂಬ ಆಯ್ಕೆಯನ್ನು ‘ಟ್ರೂ’ ಎಂದು ಬಿಟ್ಟಿದ್ದರಿಂದ, ಬಂದು ಇಣುಕಿ ಹೋದವರಿಗೆಲ್ಲ ಒಂದೊಂದು ಸಾಲು. ತಾಣ ಬದುಕಿದೆಯೇ ಎಂದು ನಿಮಿಷಕ್ಕೊಮ್ಮೆ ನೋಡುವ ಕಾವಲು ಸೇವೆ ಕುಕಿ ಇಟ್ಟುಕೊಳ್ಳುವುದಿಲ್ಲ, ಪ್ರತಿ ಸಲವೂ ಹೊಸಬನಾಗಿಯೇ ಬರುತ್ತದೆ. ದಿನಕ್ಕೆ 1440 ಸಾಲು. ಕುಕಿಯ ಆಯುಸ್ಸು 14 ದಿನವಾದರೆ ಬರೀ ಕಾವಲುಗಾರನಿಗೇ 20,160 ಸಾಲು ಸದಾ ನಿಂತಿರುತ್ತವೆ. ‘ಫಾಲ್ಸ್’ ಮಾಡಿದೆ. ‘ರೀಸೇವ್’ ಕೂಡ ‘ಫಾಲ್ಸ್’. ಈ ಸಂಗ್ರಹಕ್ಕೆ ‘ಟಚ್’ ಗೊತ್ತಿರುವುದರಿಂದ ಅವಧಿ ಮುಂದೂಡಲು ಇಡೀ ಸಾಲನ್ನು ಮತ್ತೆ ಬರೆಯಬೇಕಿಲ್ಲ.

ಚಿಕ್ಕ ಸಂಗತಿಗಳು ಇನ್ನೂ ಎರಡು. ಚಿತ್ರಗಳನ್ನು ಬಡಿಸುವ ‘ಸ್ಟ್ಯಾಟಿಕ್’ ಮಿಡಲ್‌ವೇರ್ ಸೆಷನ್‌ನ ಕೆಳಗಿತ್ತು, ಹಾಗಾಗಿ ಲಾಗಿನ್ ಆದವರಿಗೆ ಪ್ರತಿ ಪೋಸ್ಟರ್ ಚಿತ್ರಕ್ಕೂ ಡೇಟಾಬೇಸ್‌ಗೆ ಒಂದು ಪ್ರಶ್ನೆ ಹೋಗುತ್ತಿತ್ತು, ಮೇಲಕ್ಕೆ ಎತ್ತಿದೆ. ಆಸನ ಆರಿಸಿದ ತಕ್ಷಣ ಮುಂದಿನ ಪುಟಕ್ಕೆ ಕಳಿಸುವಲ್ಲಿ, ಸೆಷನ್ ಬರೆದು ಮುಗಿಯುವ ಮೊದಲೇ ಬ್ರೌಸರ್ ಮುಂದಿನ ಪುಟ ಕೇಳಿ, ಆಸನ ಒಮ್ಮೊಮ್ಮೆ ಕಾಣೆಯಾಗುತ್ತಿತ್ತು. ಅಲ್ಲಿ ‘ಸೇವ್’ ಅನ್ನು ನಾವೇ ಕರೆದು, ಅದು ಮುಗಿದ ಮೇಲೆ ಕಳಿಸುವಂತೆ ಮಾಡಿದೆ.

ಪಾಸ್‌ಪೋರ್ಟ್‌ನ ರೀಜನರೇಟ್ ಈಗ ಓಡುತ್ತದೆ, ಓಡಿದಾಗ ಹಳೆಯ ಸೆಷನ್‌ನಲ್ಲಿದ್ದದ್ದೆಲ್ಲ ಹೋಗುತ್ತದೆ. ಆಸನ ಆರಿಸಿಕೊಂಡು ಆಮೇಲೆ ಲಾಗಿನ್ ಆದವರ ಬುಟ್ಟಿ ಬರಿದು. ಇದಕ್ಕೆಂದೇ ‘ಕೀಪ್‌ಸೆಷನ್‌ಇನ್ಫೊ’ ಎಂಬ ಆಯ್ಕೆ ಇದೆ. ಹಾಕಿದರೆ ಎಲ್ಲವನ್ನೂ ಹೊಸ ಸೆಷನ್‌ಗೆ ಹೊತ್ತು ತರುತ್ತದೆ. ಎಲ್ಲವೂ ಬೇಡ. ಆಸನಗಳನ್ನು ಡೇಟಾಬೇಸ್‌ನ ಬೇರೆ ಕೋಷ್ಟಕಕ್ಕೆ ಸಾಗಿಸಿ, ಸೆಷನ್‌ನಲ್ಲಿ ಅದರ ಸಂಖ್ಯೆ ಮಾತ್ರ ಉಳಿಸಿ, ಲಾಗಿನ್ ವೇಳೆ ಆ ಒಂದು ಸಂಖ್ಯೆಯನ್ನು ಮಾತ್ರ ಕೈಯಾರೆ ದಾಟಿಸಿದೆ.

ಲಾಗೌಟ್ ಪರೀಕ್ಷೆ ಮತ್ತೆ: ಕುಕಿ ನಕಲು, ಲಾಗೌಟ್, ಕರ್ಲ್. 302, ಲಾಗಿನ್ ಪುಟಕ್ಕೆ. ಸರಿ.

ಹಂತ 3: ಸಿಸರ್ಫ್‌ನ ಜಾಗಕ್ಕೆ ಯಾರು

ಮೂರು ದಾರಿ ಇದ್ದವು. ಫಾರ್ಮ್ ನಮ್ಮ ಪುಟದಿಂದಲೇ ಬಂತು ಎಂದು ತೋರಿಸುವ ಗುಟ್ಟಿನ ಪದವನ್ನು, ಅಂದರೆ ಟೋಕನ್ ಅನ್ನು, ಸೆಷನ್‌ನಲ್ಲಿ ಇಡುವ ಸಿಎಸ್‌ಆರ್‌ಎಫ್-ಸಿಂಕ್. ಕುಕಿಯಲ್ಲೊಮ್ಮೆ, ಫಾರ್ಮ್‌ನಲ್ಲೊಮ್ಮೆ ಕಳಿಸಿ ಎರಡನ್ನೂ ಹೋಲಿಸುವ ಸಿಎಸ್‌ಆರ್‌ಎಫ್-ಸಿಎಸ್‌ಆರ್‌ಎಫ್. ಟೋಕನ್ನೇ ಇಲ್ಲದೆ ಬ್ರೌಸರ್ ಕಳಿಸುವ ಹೆಡರ್ ನೋಡಿ ತೀರ್ಮಾನಿಸುವುದು. ಲುಸ್ಕಾ ಕೂಡ ಇದೆ. ಹಲವು ಹೆಡರ್‌ಗಳ ಕೆಲಸವನ್ನೂ ಸಿಎಸ್‌ಆರ್‌ಎಫ್ ಅನ್ನೂ ಒಂದೇ ಚೀಲದಲ್ಲಿ ಕೊಡುತ್ತದೆ. ಹೆಡರ್‌ಗಳಿಗೆ ಹೆಲ್ಮೆಟ್ ತರುವುದೆಂದು ಮೊದಲೇ ನಿರ್ಧರಿಸಿದ್ದರಿಂದ ಅದನ್ನು ಬಿಟ್ಟೆ.

ಮೊದಲು ಸಿಎಸ್‌ಆರ್‌ಎಫ್-ಸಿಎಸ್‌ಆರ್‌ಎಫ್ ಹಾಕಿದೆ. ಅದರ 4ನೆಯ ಆವೃತ್ತಿ ಟೋಕನ್ ಅನ್ನು ಸೆಷನ್‌ನ ಗುರುತಿಗೆ ಕಟ್ಟಲೇಬೇಕು ಎನ್ನುತ್ತದೆ, ಅದು ಸರಿಯೂ ಹೌದು. ಆದರೆ ಲಾಗಿನ್ ಫಾರ್ಮ್ ಪ್ರತಿ ಸಲವೂ 403, ಅಂದರೆ ನಿರಾಕರಣೆ. ಕಾರಣ ಹಿಂದಿನ ಹಂತದಲ್ಲಿದೆ: ‘ಸೇವ್‌ಅನ್‌ಇನಿಶಿಯಲೈಸ್ಡ್’ ಫಾಲ್ಸ್ ಆದಾಗ, ಇನ್ನೂ ಏನೂ ಬರೆಯದ ಸೆಷನ್ ಉಳಿಯುವುದಿಲ್ಲ. ಪುಟ ತೋರಿಸುವಾಗ ಒಂದು ಗುರುತು, ಫಾರ್ಮ್ ಬರುವಾಗ ಇನ್ನೊಂದು. ಅಪರಿಚಿತನಿಗೆ ಪ್ರತಿ ಬಾರಿಯೂ ಹೊಸ ಹೆಸರು. ಸೆಷನ್‌ನಲ್ಲಿ ಏನಾದರೂ ಒಂದು ಅಕ್ಷರ ಬರೆದರೆ ನಿಲ್ಲುತ್ತದೆ. ಹಾಗೆ ಬರೆಯುವುದೇ ಆದರೆ ಟೋಕನ್ ಅನ್ನೇ ಬರೆಯಬಹುದು. ಆಗ ಕುಕಿಯಲ್ಲಿ ಇನ್ನೊಂದು ಪ್ರತಿ ಏಕೆ? ಈ ದಾರಿ ಸೆಷನ್ ಸರ್ವರ್‌ನಲ್ಲಿ ಇಲ್ಲದವರಿಗೆ. ನಮಗಲ್ಲ.

ಸಿಎಸ್‌ಆರ್‌ಎಫ್-ಸಿಂಕ್ ಹೆಚ್ಚು ಹೊಂದಿತು. ಆದರೆ ಅದು ಪೂರ್ವನಿಯೋಜಿತವಾಗಿ ಟೋಕನ್ ಹುಡುಕುವುದು ‘ಎಕ್ಸ್-ಸಿಎಸ್‌ಆರ್‌ಎಫ್-ಟೋಕನ್’ ಹೆಡರ್‌ನಲ್ಲಿ ಮಾತ್ರ. ಸಾದಾ ಎಚ್‌ಟಿಎಂಎಲ್ ಫಾರ್ಮ್‌ಗಳಿಗೆ, ಅಡಗಿಸಿಟ್ಟ ಫೀಲ್ಡ್‌ನಿಂದ ತೆಗೆದುಕೋ ಎಂದು ಒಂದು ಫಂಕ್ಷನ್ ಬರೆದು ಕೊಡಬೇಕು. ಕೊಟ್ಟೆ. ಲಾಗಿನ್ ಸರಿ, ಆಸನ ಆಯ್ಕೆ ಸರಿ, ಪೋಸ್ಟರ್ ಏರಿಸುವ ಫಾರ್ಮ್ ಮಾತ್ರ 403.

ಆ ಫಾರ್ಮ್‌ನಲ್ಲಿ ಕಡತ ಇರುವುದರಿಂದ ಅದು ಮಲ್ಟಿಪಾರ್ಟ್. ಅದನ್ನು ಬಿಡಿಸಿ ಓದುವುದು ಮಲ್ಟರ್. ಮಲ್ಟರ್ ಇರುವುದು ಆ ಮಾರ್ಗದ ಒಳಗೆ. ಸಿಎಸ್‌ಆರ್‌ಎಫ್ ಕಾವಲು ಇರುವುದು ಅದಕ್ಕಿಂತ ಮೊದಲು. ಕಾವಲುಗಾರ ನೋಡುವಾಗ ಚೀಲ ಇನ್ನೂ ಬಿಚ್ಚಿಲ್ಲ, ಟೋಕನ್ ಕಾಣುವುದಿಲ್ಲ. ಟೋಕನ್ ಅನ್ನು ವಿಳಾಸದ ಬಾಲದಲ್ಲಿ ಅಂಟಿಸಿ ಕಳಿಸಬಹುದು, ಆದರೆ ಆಗ ಅದು ಎಂಜಿನ್‌ಎಕ್ಸ್‌ನ ಲಾಗ್‌ನಲ್ಲಿ ದಾಖಲಾಗುತ್ತದೆ. ಆ ಒಂದು ಮಾರ್ಗಕ್ಕೆ ಮಲ್ಟರ್ ಅನ್ನು ಮುಂದಿಟ್ಟು, ಕಡತಕ್ಕೆ 2 ಎಂಬಿ ಮಿತಿ ಹಾಕಿ, ಅದರ ಹಿಂದೆ ಕಾವಲು ಇಟ್ಟೆ. ಮನಸ್ಸಿಗೆ ಒಪ್ಪಲಿಲ್ಲ: ಅನುಮತಿ ನೋಡುವ ಮೊದಲೇ ಅಪರಿಚಿತನ 2 ಎಂಬಿ ಒಳಗೆ ತೆಗೆದುಕೊಂಡಂತಾಯಿತು. ಜೊತೆಗೆ ಇನ್ನೊಂದು ಕಾಟ. ಲಾಗಿನ್ ಆದಾಗ ಸೆಷನ್ ಹೊಸದಾಗುವುದರಿಂದ, ಇನ್ನೊಂದು ಟ್ಯಾಬ್‌ನಲ್ಲಿ ತೆರೆದಿಟ್ಟ ಹಳೆಯ ಫಾರ್ಮ್‌ನ ಟೋಕನ್ ಸತ್ತಿರುತ್ತದೆ. ಕೌಂಟರಿನವರು ಸದಾ ಹಲವು ಟ್ಯಾಬ್ ತೆರೆದಿರುತ್ತಾರೆ.

ಹೀಗಾಗಿ ಮೂರನೆಯ ದಾರಿ ಹಿಡಿದೆ. ವಿನಂತಿ ಯಾವ ತಾಣದಿಂದ ಹೊರಟಿತು ಎಂದು ಹೇಳುವ ‘ಸೆಕ್-ಫೆಚ್-ಸೈಟ್’ ಎಂಬ ಹೆಡರ್ ಅನ್ನು ಬ್ರೌಸರೇ ಹಾಕುತ್ತದೆ. ಪುಟದೊಳಗಿನ ಸ್ಕ್ರಿಪ್ಟ್ ಅದನ್ನು ತಿದ್ದಲು ಬರುವುದಿಲ್ಲ. ಕ್ರೋಮ್ 76ರಿಂದ, ಫೈರ್‌ಫಾಕ್ಸ್ 90ರಿಂದ, ಸಫಾರಿ 16.4ರಿಂದ ಇದೆ. ಗೋ ಭಾಷೆಯವರು 2025ರ ಆಗಸ್ಟ್‌ನಲ್ಲಿ ಬಂದ 1.25ರಲ್ಲಿ ಇದೇ ತರ್ಕವನ್ನು ‘ಕ್ರಾಸ್‌ಆರಿಜಿನ್‌ಪ್ರೊಟೆಕ್ಷನ್’ ಎಂಬ ಹೆಸರಿನಲ್ಲಿ ಭಾಷೆಯ ಪ್ರಮಾಣಿತ ಗ್ರಂಥಾಲಯಕ್ಕೇ ಸೇರಿಸಿದ್ದಾರೆ. ಅದನ್ನು ನೋಡಿಕೊಂಡೇ ಎಕ್ಸ್‌ಪ್ರೆಸ್‌ಗೆ ಇಪ್ಪತ್ತೈದು ಸಾಲಿನೊಳಗೆ ಬರೆದೆ. ನಿಯಮ ಹೀಗಿದೆ: ಗೆಟ್, ಹೆಡ್, ಆಪ್ಷನ್ಸ್ (ಏನನ್ನೂ ಬದಲಿಸದೆ ಬರೀ ಕೇಳುವ ವಿನಂತಿಗಳು) ಆದರೆ ಬಿಡು. ಹೆಡರ್‌ನಲ್ಲಿ ‘ಸೇಮ್-ಆರಿಜಿನ್’ ಅಥವಾ ‘ನನ್’ ಇದ್ದರೆ ಬಿಡು, ಬೇರೇನಿದ್ದರೂ 403. ಆ ಹೆಡರೇ ಇಲ್ಲದಿದ್ದರೆ ‘ಆರಿಜಿನ್’ ಹೆಡರ್‌ನ ಹೋಸ್ಟ್ ನಮ್ಮದೇ ಹೋಸ್ಟ್ ಹೌದೇ ನೋಡು. ಎರಡೂ ಇಲ್ಲದಿದ್ದರೆ ಬಂದದ್ದು ಈಗಿನ ಬ್ರೌಸರ್ ಅಲ್ಲ; ಬಿಡು.

ಕೌಂಟರಿನಲ್ಲಿ ಸಫಾರಿ 16.4ಕ್ಕಿಂತ ಹಳೆಯ ಒಂದು ಟ್ಯಾಬ್ಲೆಟ್ ಇದೆ. ಅದರಿಂದ ಆರಿಜಿನ್ ಹೆಡರ್ ಬರುತ್ತದೆ, ಆರಿಜಿನ್ ನೋಡುವ ನಿಯಮ ಹಿಡಿಯುತ್ತದೆ. ಮನೆಯ ವೈಫೈನಲ್ಲಿ ಸಾದಾ ಎಚ್‌ಟಿಟಿಪಿ ಮೂಲಕ ಫೋನಿನಿಂದ ಪರೀಕ್ಷಿಸಿದಾಗ ಹೊಸ ಕ್ರೋಮ್‌ನಿಂದಲೂ ಸೆಕ್-ಫೆಚ್-ಸೈಟ್ ಬರಲಿಲ್ಲ. ಅದು ಎಚ್‌ಟಿಟಿಪಿಎಸ್ ಅಥವಾ ಲೋಕಲ್‌ಹೋಸ್ಟ್‌ಗೆ ಮಾತ್ರ ಹೋಗುತ್ತದೆ. ಮುಖ್ಯ ಪರೀಕ್ಷೆಗಳನ್ನೆಲ್ಲ ಪ್ರಮಾಣಪತ್ರ ಇರುವ ಪ್ರಾಯೋಗಿಕ ವಿಳಾಸದಲ್ಲಿಯೇ ಮಾಡಬೇಕು.

ಸೆಕ್-ಫೆಚ್-ಸೈಟ್‌ನಲ್ಲಿ ಬರುವ ‘ಸೇಮ್-ಸೈಟ್’ ಎಂಬ ಮೌಲ್ಯವನ್ನು ಏಕೆ ಒಳಗೆ ಬಿಡುವುದಿಲ್ಲ ಎಂಬುದಕ್ಕೆ ನಮ್ಮಲ್ಲೇ ಉದಾಹರಣೆ ಇದೆ. ತಂಡದ ಹಳೆಯ ನಾಟಕಗಳ ಫೋಟೊ ಸಂಗ್ರಹ ಇದೇ ಡೊಮೇನಿನ ಉಪಡೊಮೇನಿನಲ್ಲಿ, ಬೇರೆಯವರ ಯಂತ್ರದಲ್ಲಿ, ವರ್ಡ್‌ಪ್ರೆಸ್‌ನಲ್ಲಿದೆ. ಅದರ ಪ್ಲಗಿನ್‌ಗಳನ್ನು ಯಾರು ನೋಡಿಕೊಳ್ಳುತ್ತಾರೋ ದೇವರಿಗೇ ಗೊತ್ತು. ಬೇರೆ ತಾಣದಿಂದ ಹೊರಟ ವಿನಂತಿಯ ಜೊತೆ ಕುಕಿ ಹೋಗಬೇಕೇ ಎಂದು ಹೇಳುವುದು ಕುಕಿಯ ಸೇಮ್‌ಸೈಟ್ ಗುಣ. ಉಪಡೊಮೇನು ಸಾದಾ ಎಚ್‌ಟಿಟಿಪಿಯಲ್ಲಿ ಇರುವವರೆಗೆ ಕ್ರೋಮ್ ಅದನ್ನು ಹೊರಗಿನವನೆಂದು ಎಣಿಸುತ್ತದೆ, ಆದರೆ ಎಚ್‌ಟಿಟಿಪಿಎಸ್ ಬಂದ ಮೇಲೆ ಆ ಗುಣದ ಲೆಕ್ಕದಲ್ಲಿ ಅದು ಮನೆಯವನೇ. ಆಗ ಅಲ್ಲಿಂದ ಹೊರಟ ಫಾರ್ಮ್ ಜೊತೆಗೆ ನಮ್ಮ ಕುಕಿಯೂ ಬರುತ್ತದೆ. ಆದ್ದರಿಂದ ‘ಸೇಮ್‌ಸೈಟ್ ಲ್ಯಾಕ್ಸ್ ಇದ್ದರೆ ಸಿಎಸ್‌ಆರ್‌ಎಫ್ ಕಾವಲು ಬೇಡ’ ಎಂಬ ಮಾತನ್ನು ನಾನು ಒಪ್ಪುವುದಿಲ್ಲ.

ಈ ದಾರಿಗೆ ಒಂದು ಷರತ್ತಿದೆ: ಗೆಟ್ ವಿನಂತಿಯಿಂದ ಏನೂ ಬದಲಾಗಬಾರದು. ಮಾರ್ಗಗಳ ಪಟ್ಟಿ ತೆಗೆದು ನೋಡಿದರೆ ‘ಟಿಕೆಟ್ ರದ್ದು ಮಾಡು’ ಎಂಬುದು ಸಾದಾ ಕೊಂಡಿಯಾಗಿತ್ತು. ಪೋಸ್ಟ್ ಮಾಡಿದೆ. ಲಾಗೌಟ್ ಕೂಡ.

ಹಂತ 4: ಹಣ ಕಟ್ಟಿ ಮರಳುವ ದಾರಿ

ಹಳೆಯ ತಾಣದ ಮೇಲೆ ಒಂದು ದೂರು ನಿರಂತರವಾಗಿತ್ತು: ಹಣ ಹೋಯಿತು, ಆದರೆ ಪುಟ ‘ನಿಮ್ಮ ಸೆಷನ್ ಮುಗಿದಿದೆ’ ಎನ್ನುತ್ತದೆ. ನಾವು ಪರೀಕ್ಷಿಸಿದಾಗಲೆಲ್ಲ ಸರಿಯಾಗಿ ಓಡುತ್ತಿತ್ತು.

ಕಾರಣ ಈಗ ಸಿಕ್ಕಿತು. ಪಾವತಿ ಸೇವೆಯವರು ಹಣ ಪಡೆದ ಮೇಲೆ ಬ್ರೌಸರನ್ನು ತಮ್ಮ ಡೊಮೇನಿನಿಂದ ನಮ್ಮ ವಿಳಾಸಕ್ಕೆ ಪೋಸ್ಟ್ ವಿನಂತಿಯ ಮೂಲಕ ಮರಳಿಸುತ್ತಾರೆ. ಲ್ಯಾಕ್ಸ್ ಕುಕಿ ಬೇರೆ ತಾಣದಿಂದ ಬರುವ ಪೋಸ್ಟ್ ಜೊತೆ ಹೋಗುವುದಿಲ್ಲ. ಹಳೆಯ ಕೋಡ್ ಸೇಮ್‌ಸೈಟ್ ಏನೆಂದು ಹೇಳಿಯೇ ಇರಲಿಲ್ಲ. ಹೇಳದಿದ್ದರೆ ಕ್ರೋಮ್ ಅದನ್ನು ಲ್ಯಾಕ್ಸ್ ಎಂದೇ ಎಣಿಸುತ್ತದೆ, ಆದರೆ ಒಂದು ರಿಯಾಯಿತಿಯೊಂದಿಗೆ: ಕುಕಿ ಹುಟ್ಟಿ ಎರಡು ನಿಮಿಷ ಆಗಿಲ್ಲದಿದ್ದರೆ ಪೋಸ್ಟ್ ಜೊತೆಗೂ ಕಳಿಸುತ್ತದೆ. ನಾವು ಪರೀಕ್ಷಿಸುವಾಗ ಆಸನ ಆರಿಸಿ, ತಕ್ಷಣ ಫೋನ್ ಎತ್ತಿ ಪಿನ್ ಒತ್ತಿ, ಒಂದು ನಿಮಿಷದೊಳಗೆ ಮರಳಿರುತ್ತಿದ್ದೆವು. ಪ್ರೇಕ್ಷಕ ಕನ್ನಡಕ ಹುಡುಕುತ್ತಾನೆ, ಯಾವ ಬ್ಯಾಂಕ್ ಖಾತೆ ಎಂದು ಯೋಚಿಸುತ್ತಾನೆ, ಮನೆಯವರನ್ನು ಕೇಳುತ್ತಾನೆ. ಎರಡು ನಿಮಿಷ ದಾಟುತ್ತದೆ. ನಿಧಾನವಾಗಿ ಹಣ ಕಟ್ಟಿದವರಿಗೆ ಮಾತ್ರ ಬರುವ ದೋಷ ಇದು. ಆಸನ ಆರಿಸಿ ಐದು ನಿಮಿಷ ಸುಮ್ಮನೆ ಕೂತು ಆಮೇಲೆ ಹಣ ಕಟ್ಟಿದಾಗ ಪ್ರತಿ ಸಲವೂ ಬಂತು.

ಹೊಸ ಜೋಡಣೆಯಲ್ಲಿ ಇದು ಇನ್ನೂ ಕೆಟ್ಟಿತು. ಒಂದು, ನಾನೇ ಬರೆದ ಕಾವಲು ಆ ಪೋಸ್ಟ್ ಅನ್ನು ‘ಕ್ರಾಸ್-ಸೈಟ್’ ಎಂದು 403 ಮಾಡಿತು. ಅದಕ್ಕೆ ವಿನಾಯಿತಿ ಕೊಟ್ಟರೆ ಎರಡನೆಯದು: ಕುಕಿ ಬಂದಿಲ್ಲ, ಆದ್ದರಿಂದ ಖಾಲಿ ಸೆಷನ್, ಅದರಲ್ಲಿ ‘ಧನ್ಯವಾದಗಳು’ ಎಂಬ ಸಂದೇಶ ಬರೆದ ಕೂಡಲೇ ಎಕ್ಸ್‌ಪ್ರೆಸ್-ಸೆಷನ್ ಹೊಸ ಕುಕಿ ಕಳಿಸಿತು, ಹೊಸದು ಹಳೆಯದರ ಮೇಲೆ ಕೂತು, ಲಾಗಿನ್ ಆಗಿದ್ದವನೂ ಹೊರಬಿದ್ದ. ಸೇಮ್‌ಸೈಟ್ ಅನ್ನು ‘ನನ್’ ಮಾಡಿದರೆ ಎಲ್ಲವೂ ಒಮ್ಮೆಲೇ ಸರಿಹೋಗುತ್ತದೆ. ಪಾವತಿ ಸೇವೆಗಳ ಸಹಾಯ ಕೇಂದ್ರಗಳು ಕೊಡುವ ಸಲಹೆಯೂ ಸಾಮಾನ್ಯವಾಗಿ ಇದೇ. ಒಂದು ಪುಟ ಸರಿಮಾಡಲು ಇಡೀ ತಾಣದ ಕುಕಿಯ ಬೇಲಿ ಕೀಳುವುದಕ್ಕೆ ನಾನು ತಯಾರಿರಲಿಲ್ಲ.

ಮಾಡಿದ್ದು ಇದು. ಮರಳುವ ಮಾರ್ಗವನ್ನು ಸೆಷನ್ ಮಿಡಲ್‌ವೇರ್‌ಗಿಂತ ಮೇಲೆ, ಅದರ ಅರಿವೇ ಇಲ್ಲದಂತೆ ಇಟ್ಟೆ. ಅಲ್ಲಿ ಸೆಷನ್ ಇಲ್ಲ, ಕುಕಿ ಇಲ್ಲ. ಬಂದ ಮಾಹಿತಿಯ ಸಹಿಯನ್ನು ಪಾವತಿ ಸೇವೆ ಕೊಟ್ಟ ಗುಪ್ತಪದದಿಂದ ತಾಳೆ ನೋಡುತ್ತದೆ, ಆರ್ಡರ್ ಸಂಖ್ಯೆಯನ್ನು ಡೇಟಾಬೇಸ್‌ನಲ್ಲಿ ಹುಡುಕುತ್ತದೆ, ಟಿಕೆಟ್ ಪುಟಕ್ಕೆ 303 ಕೊಟ್ಟು ಕಳಿಸುತ್ತದೆ. 303 ಎಂದರೆ ಬ್ರೌಸರ್ ಮುಂದಿನದನ್ನು ಗೆಟ್ ಆಗಿ ಕೇಳುತ್ತದೆ. ಗೆಟ್ ಜೊತೆ ಲ್ಯಾಕ್ಸ್ ಕುಕಿ ಹೋಗುತ್ತದೆ. ಹಳೆಯ ಸೆಷನ್ ಹಾಗೆಯೇ ಇದೆ. ಲ್ಯಾಕ್ಸ್‌ಗಿಂತ ಬಿಗಿಯಾದ ಸ್ಟ್ರಿಕ್ಟ್ ಇದ್ದಿದ್ದರೆ ಇಲ್ಲಿಯೂ ಹೋಗುತ್ತಿರಲಿಲ್ಲ. ಸ್ಟ್ರಿಕ್ಟ್ ಅನ್ನು ಪ್ರಯತ್ನಿಸಿಯೂ ನೋಡಿದ್ದೆ: ಜಿಮೇಲ್ ಪುಟದಲ್ಲಿ ಟಿಕೆಟ್‌ನ ಕೊಂಡಿ ಒತ್ತಿದವರು ಲಾಗಿನ್ ಆಗಿಲ್ಲವೆಂಬಂತೆ ಕಾಣುತ್ತಾರೆ, ಪುಟವನ್ನು ಮತ್ತೆ ತೆರೆದರೆ ಒಳಗಿರುತ್ತಾರೆ. ಇದನ್ನು ಪ್ರೇಕ್ಷಕರಿಗೆ ವಿವರಿಸಲು ಸಾಧ್ಯವಿಲ್ಲ.

ಟಿಕೆಟ್ ಖಚಿತವಾಗುವುದು ಬ್ರೌಸರ್ ಮರಳುವುದರಿಂದಲ್ಲ, ಪಾವತಿ ಸೇವೆಯ ಸರ್ವರ್ ನೇರವಾಗಿ ಕಳಿಸುವ ವೆಬ್‌ಹುಕ್‌ನಿಂದ. ಅದೂ ಒಮ್ಮೆ ಕೈಕೊಟ್ಟಿತು, ಸಹಿ ತಾಳೆಯಾಗಲಿಲ್ಲ. ಎಲ್ಲಕ್ಕೂ ಮೇಲಿದ್ದ ಜೇಸನ್ ಮಿಡಲ್‌ವೇರ್ ಬಂದದ್ದನ್ನು ಬಿಡಿಸಿಬಿಟ್ಟಿತ್ತು; ನಾನು ಮತ್ತೆ ಕಟ್ಟಿದ ಜೇಸನ್ ಬೈಟ್ ಬೈಟಿಗೂ ಮೂಲದಂತೆ ಇರಲಿಲ್ಲ. ಆ ಮಾರ್ಗಕ್ಕೆ ಮಾತ್ರ, ಬಂದದ್ದನ್ನು ಬಿಡಿಸದೆ ಹಾಗೆಯೇ ಕೊಡುವ ‘ಎಕ್ಸ್‌ಪ್ರೆಸ್.ರಾ’ ಇಟ್ಟು, ಅದನ್ನೂ ಮೇಲೆತ್ತಿದೆ.

ಹಂತ 5: ಹೆಲ್ಮೆಟ್ ಮತ್ತು ವೇಗಮಿತಿ

ಹೆಲ್ಮೆಟ್ ಒಂದು ಸಾಲಿನ ಕೆಲಸ ಎನ್ನುತ್ತಾರೆ. ಹಾಕಿದ ಕ್ಷಣ ಆಸನಗಳ ನಕ್ಷೆ ಸತ್ತಿತು. ಪ್ರತಿ ಆಸನಕ್ಕೂ ‘ಆನ್‌ಕ್ಲಿಕ್’ ಅಂಟಿಸಿದ ಹಳೆಯ ಕೋಡ್ ಅದು. ಹೆಲ್ಮೆಟ್‌ನ ಪೂರ್ವನಿಯೋಜಿತ ಸಿಎಸ್‌ಪಿ (ಪುಟದಲ್ಲಿ ಏನೇನು ಓಡಬಹುದು ಎಂಬ ನಿಯಮಪಟ್ಟಿ) ಅಂಥ ಸ್ಕ್ರಿಪ್ಟ್‌ಗಳನ್ನು ಬಿಡುವುದಿಲ್ಲ. ಸ್ಕ್ರಿಪ್ಟ್ ಅನ್ನು ಬೇರೆ ಕಡತಕ್ಕೆ ತೆಗೆದು, ಇಡೀ ನಕ್ಷೆಗೆ ಒಂದೇ ಕೇಳುಗ ಹಾಕಿದೆ. ಕೋಡ್ ಕಿರಿದಾಯಿತು, ಅದು ಲಾಭವೇ.

ಅನಂತರ ‘ಹಣ ಕಟ್ಟು’ ಒತ್ತಿದರೆ ಏನೂ ಆಗುವುದಿಲ್ಲ. ಅದೇ ಸಿಎಸ್‌ಪಿಯಲ್ಲಿ ‘ಫಾರ್ಮ್-ಆಕ್ಷನ್ ಸೆಲ್ಫ್’ ಇದೆ: ಫಾರ್ಮ್‌ಗಳು ನಮ್ಮದೇ ತಾಣಕ್ಕೆ ಮಾತ್ರ ಹೋಗಬೇಕು. ನಮ್ಮ ಫಾರ್ಮ್ ಹೋಗುವುದು ಪಾವತಿ ಸೇವೆಗೆ. ಬ್ರೌಸರ್‌ನ ಕನ್ಸೋಲ್‌ನಲ್ಲಿ ಕೆಂಪು ಸಾಲು, ಸರ್ವರ್‌ಗೆ ಸುದ್ದಿಯೇ ಇಲ್ಲ. ಆ ಡೊಮೇನನ್ನು ಪಟ್ಟಿಗೆ ಸೇರಿಸಿದೆ.

ಎಚ್‌ಟಿಟಿಪಿಎಸ್‌ನಲ್ಲಿ ಮಾತ್ರ ತೆರೆ ಎಂದು ಬ್ರೌಸರ್‌ಗೆ ಹೇಳುವ ಎಚ್‌ಎಸ್‌ಟಿಎಸ್ ಹೆಡರ್‌ನಲ್ಲಿ ನಿಧಾನಿಸಿದ್ದು ಒಳ್ಳೆಯದಾಯಿತು. ಹೆಲ್ಮೆಟ್ 8 ಇದನ್ನು 365 ದಿನಕ್ಕೆ, ಉಪಡೊಮೇನುಗಳನ್ನೂ ಸೇರಿಸಿ ಕಳಿಸುತ್ತದೆ. ಟಿಕೆಟ್ ತಾಣ ಇರುವುದು ಮೂಲ ಡೊಮೇನಿನಲ್ಲಿ. ಫೋಟೊ ಸಂಗ್ರಹದ ಉಪಡೊಮೇನಿಗೆ ಎಚ್‌ಟಿಟಿಪಿಎಸ್ ಇಲ್ಲ. ಒಮ್ಮೆ ಟಿಕೆಟ್ ಕೊಂಡವರ ಬ್ರೌಸರ್ ವರ್ಷಪೂರ್ತಿ ಆ ಸಂಗ್ರಹವನ್ನು ತೆರೆಯಲು ನಿರಾಕರಿಸುತ್ತಿತ್ತು. ಸದ್ಯಕ್ಕೆ 300 ಸೆಕೆಂಡು, ಉಪಡೊಮೇನು ಬಿಟ್ಟು.

ವೇಗಮಿತಿಗೆ ಎಕ್ಸ್‌ಪ್ರೆಸ್-ರೇಟ್-ಲಿಮಿಟ್. ಟ್ರಸ್ಟ್ ಪ್ರಾಕ್ಸಿ ಮೊದಲೇ ಸರಿಯಾಗಿದ್ದರಿಂದ ಕಷ್ಟವಾಗಲಿಲ್ಲ. ಇಲ್ಲದಿದ್ದರೆ ಎಲ್ಲರ ವಿಳಾಸವೂ 127.0.0.1 (ಯಂತ್ರದ ಸ್ವಂತ ವಿಳಾಸ) ಆಗಿ, ಒಬ್ಬನ ತಪ್ಪಿಗೆ ಊರಿಗೇ ಬೀಗ. ಆಸನದ ಪುಟಕ್ಕೆ ಐಪಿ ಆಧಾರದ ಮಿತಿ ಹಾಕಿ ತೆಗೆದೆ. ಮೊಬೈಲ್ ಜಾಲದಲ್ಲಿ ನೂರಾರು ಜನ ಒಂದೇ ಐಪಿಯ ಹಿಂದೆ ಇರುತ್ತಾರೆ, ಟಿಕೆಟ್ ತೆರೆದ ಹೊತ್ತಿಗೆ ಒಟ್ಟಿಗೆ ಬರುತ್ತಾರೆ. ಲಾಗಿನ್‌ಗೆ ಮಾತ್ರ, ಬಳಕೆದಾರನ ಹೆಸರು ಮತ್ತು ಐಪಿ ಎರಡನ್ನೂ ಸೇರಿಸಿ, 15 ನಿಮಿಷಕ್ಕೆ 10 ಬಾರಿ.

ಈಗಿರುವ ಕ್ರಮ

ಮೇಲಿನಿಂದ ಕೆಳಕ್ಕೆ: ಟ್ರಸ್ಟ್ ಪ್ರಾಕ್ಸಿ, ಹೆಲ್ಮೆಟ್, ಸ್ಟ್ಯಾಟಿಕ್ ಕಡತಗಳು, ಕಾವಲು ಸೇವೆಯ ಮಾರ್ಗ, ವೆಬ್‌ಹುಕ್, ಪಾವತಿಯಿಂದ ಮರಳುವ ಮಾರ್ಗ, ಅನಂತರ ಸೆಕ್-ಫೆಚ್-ಸೈಟ್ ಕಾವಲು, ಅದರ ಕೆಳಗೆ ಸೆಷನ್, ಪಾಸ್‌ಪೋರ್ಟ್, ಫಾರ್ಮ್ ಓದುವವರು, ಉಳಿದ ಮಾರ್ಗಗಳು. ಕಾವಲನ್ನು ಸೆಷನ್‌ಗಿಂತ ಮೇಲಿಡಲು ಆಗಿದ್ದು ಟೋಕನ್ ಇಲ್ಲದ್ದರಿಂದ. ತಿರಸ್ಕೃತ ವಿನಂತಿ ಡೇಟಾಬೇಸ್‌ವರೆಗೆ ಹೋಗುವುದೇ ಇಲ್ಲ, ಮಲ್ಟರ್‌ವರೆಗೂ ಹೋಗುವುದಿಲ್ಲ. ಪೋಸ್ಟರ್ ಫಾರ್ಮ್‌ನ ತಲೆನೋವು ಹೀಗೆ ತಾನಾಗಿಯೇ ತೀರಿತು. ಕುಕಿಯ ಹೆಸರಿಗೆ ‘ಹೋಸ್ಟ್’ ಎಂಬ ವಿಶೇಷ ಪೂರ್ವಪದ ಸೇರಿಸಿದ್ದೇನೆ. ಅದಿದ್ದರೆ ಉಪಡೊಮೇನಿನವರು ಅದೇ ಹೆಸರಿನ ಕುಕಿಯನ್ನು ನಮ್ಮ ಮೇಲೆ ಹೇರಲಾಗುವುದಿಲ್ಲ. ಗುಪ್ತಪದವನ್ನು ಪಟ್ಟಿಯಾಗಿ ಕೊಟ್ಟಿದ್ದೇನೆ: ಮೊದಲನೆಯದರಿಂದ ಸಹಿ, ಉಳಿದವು ಹಳೆಯ ಸಹಿಗಳನ್ನು ಗುರುತಿಸಲು. ಗುಪ್ತಪದ ಬದಲಿಸಿದ ದಿನ ಯಾರೂ ಹೊರಬೀಳುವುದಿಲ್ಲ.

ಖರ್ಚು: ಹೊಸದಾಗಿ ಏನೂ ಇಲ್ಲ, ಅದೇ 600 ರೂಪಾಯಿಯ ಯಂತ್ರ.

ಮುಂದಿನ ನಾಟಕದ ಟಿಕೆಟ್ ತೆರೆಯುವ ಮೊದಲು ಉಳಿದಿರುವ ಕೆಲಸ ಎರಡು. ಕೌಂಟರಿನ ಮುದ್ರಣ ಪುಟದಲ್ಲಿ ಇನ್ನೂ ಪುಟದೊಳಗಿನ ಸ್ಕ್ರಿಪ್ಟ್ ಇದೆ; ಅದಕ್ಕೆ ಕೊಟ್ಟಿರುವ ಸಿಎಸ್‌ಪಿ ವಿನಾಯಿತಿ ತೆಗೆಯಬೇಕು. ಫೋಟೊ ಸಂಗ್ರಹದ ಉಪಡೊಮೇನಿಗೆ ಲೆಟ್ಸ್ ಎನ್‌ಕ್ರಿಪ್ಟ್ ಪ್ರಮಾಣಪತ್ರ ಹಾಕಿಸಬೇಕು. ಅದಾದ ಮೇಲೆ 300 ಸೆಕೆಂಡನ್ನು ಮೊದಲು ಒಂದು ದಿನಕ್ಕೆ, ಆಮೇಲೆ ಒಂದು ತಿಂಗಳಿಗೆ ಏರಿಸುತ್ತೇನೆ.